ಮುಂದಿನ ಫೋರ್ಕಿಗೆ ಯಾವ ಎಣ್ಣೆ, ಎಷ್ಟು ಎಣ್ಣೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಬ್ಬಿನ ಹಂಗಾಮು ಮುಗಿದು ಮಳೆ ಇನ್ನೂ ಹಿಡಿಯದ ಈ ದಿನಗಳಲ್ಲಿ ಬೈಕಿನ ಮುಂದಿನ ಫೋರ್ಕಿನ ಬಗ್ಗೆ, ಅಂದರೆ ನಮ್ಮ ಕಡೆ ಮುಂದಿನ ಶಾಕಪ್ ಎಂದು ಕರೆಯುವ ಭಾಗದ ಬಗ್ಗೆ, ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳಿಂದ ಪ್ರಶ್ನೆಗಳು ಬಂದಿವೆ. ತಿಂಗಳುಗಟ್ಟಲೆ ಕಬ್ಬಿನ ಟ್ರೇಲರ್‌ಗಳು ಓಡಾಡಿದ ರಸ್ತೆಗಳಲ್ಲಿ ಬಿದ್ದ ತಗ್ಗುಗಳೆಲ್ಲ ಕೊನೆಗೆ ಲೆಕ್ಕ ಚುಕ್ತಾ ಮಾಡಿಕೊಳ್ಳುವುದು ಫೋರ್ಕಿನ ಜೊತೆಗೇ ಆದ್ದರಿಂದ, ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಫೋರ್ಕ್ ಆಯಿಲ್‌ಗೆ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನನ್ನ 150 ಸಿಸಿ ಬೈಕು ಮುಂದಿನ ಬ್ರೇಕು ಹಿಡಿದಾಗ ಬಹಳ ಕೆಳಗೆ ಕೂಡುತ್ತಿತ್ತು. ಗ್ಯಾರೇಜಿನಲ್ಲಿ ಎಂಜಿನ್ನಿಗೆ ಹಾಕುವ 20ಡಬ್ಲ್ಯು-40 ಎಣ್ಣೆಯನ್ನೇ ಫೋರ್ಕಿಗೂ ತುಂಬಿಕೊಟ್ಟರು. ಈಗ ಕೂಡುವುದು ಕಡಿಮೆಯಾಗಿದೆ, ಆದರೆ ಸಣ್ಣ ತಗ್ಗಿನಲ್ಲಿಯೂ ಮೊಣಕೈವರೆಗೆ ಪೆಟ್ಟು ಬೀಳುತ್ತದೆ. ನಾನು ಹೈಡ್ರಾಲಿಕ್ ಸಲಕರಣೆ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿ ವಿಜಿ 32 ಮತ್ತು ವಿಜಿ 68 ಎಣ್ಣೆ ಸಿಗುತ್ತದೆ. ಅದನ್ನು ಫೋರ್ಕಿಗೆ ಹಾಕಬಹುದೆ?
ಓದುಗರು, ಉದ್ಯಮಬಾಗ, ಬೆಳಗಾವಿ

ಉತ್ತರ: ಎಣ್ಣೆಯನ್ನು ಬೆರಳಿನಿಂದ ಮುಟ್ಟಿ ನೋಡದೆ ಅಂಕಿಯಿಂದ ಗುರುತಿಸುವ ರೂಢಿ ನಿಮ್ಮ ಕೆಲಸದಲ್ಲಿಯೇ ಇರುವುದರಿಂದ, ನಿಮ್ಮ ಪ್ರಶ್ನೆಯಿಂದಲೇ ಆರಂಭಿಸುವುದು ಸರಿ ಎನಿಸಿತು. ವಿಜಿ 32 ಎಂದರೆ 40 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಆ ಎಣ್ಣೆಯ ಸ್ನಿಗ್ಧತೆ, ಅಂದರೆ ಹರಿಯುವಾಗ ಅದು ಒಡ್ಡುವ ತಡೆ, 32 ಸೆಂಟಿಸ್ಟೋಕ್ಸ್‌ನ ಆಸುಪಾಸಿನಲ್ಲಿ, ಶೇಕಡ 10ರಷ್ಟು ಹೆಚ್ಚುಕಡಿಮೆ ಮಿತಿಯೊಳಗೆ ಇರುತ್ತದೆ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಪೇಟೆಯಲ್ಲಿ 10ಡಬ್ಲ್ಯು ಎಂದು ಮಾರುವ ಫೋರ್ಕ್ ಆಯಿಲ್‌ಗಳಲ್ಲಿ ಬಹಳಷ್ಟು ಇದೇ ಅಂಕಿಯ ಹತ್ತಿರ ಬರುತ್ತವೆ. ಆದರೆ 20ಡಬ್ಲ್ಯು-40 ಎಂಜಿನ್ ಎಣ್ಣೆ ಅದೇ 40 ಡಿಗ್ರಿಯಲ್ಲಿ 100 ಸೆಂಟಿಸ್ಟೋಕ್ಸ್ ದಾಟಿರುತ್ತದೆ. ನಿಮ್ಮ ಬೈಕಿನ ತಯಾರಕರು 10ಡಬ್ಲ್ಯು ಹೇಳಿದ್ದರೆ, ಅವರು ಎಣಿಸಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು ದಪ್ಪದ ಎಣ್ಣೆ ಈಗ ಅದರೊಳಗಿದೆ ಎಂದಾಯಿತು.

ಇದರಿಂದ ಪೆಟ್ಟು ಏಕೆ ಹೆಚ್ಚುತ್ತದೆ ಎಂಬುದನ್ನು ಫೋರ್ಕಿನ ಒಳರಚನೆಯಿಂದ ತಿಳಿಯಬಹುದು. ನಮ್ಮ ರಸ್ತೆಗಳಲ್ಲಿ ಓಡುವ 100ರಿಂದ 160 ಸಿಸಿವರೆಗಿನ ಬಹುತೇಕ ಬೈಕುಗಳಲ್ಲಿ ಪೈಪಿನೊಳಗೆ ಒಂದು ಸ್ಪ್ರಿಂಗ್, ಅದರ ಕೆಳಗೆ ಬದಿಯಲ್ಲಿ ತೂತುಗಳಿರುವ ಒಂದು ಡ್ಯಾಂಪರ್ ರಾಡ್ ಇರುತ್ತವೆ. ಗಾಲಿ ಮೇಲೆ ಬಂದಾಗ ಎಣ್ಣೆ ಆ ತೂತುಗಳ ಮೂಲಕವೇ ನುಗ್ಗಬೇಕು. ತೂತಿನ ಗಾತ್ರ ಬದಲಾಗುವುದಿಲ್ಲ, ಆದ್ದರಿಂದ ಗಾಲಿಯ ಚಲನೆಯ ವೇಗ ಎರಡು ಪಟ್ಟಾದರೆ ತಡೆ ಹೆಚ್ಚೂಕಡಿಮೆ ನಾಲ್ಕು ಪಟ್ಟಾಗುತ್ತದೆ. ಬ್ರೇಕು ಹಿಡಿದಾಗ ಫೋರ್ಕು ನಿಧಾನವಾಗಿ ಕೂಡುತ್ತದೆ, ಚೂಪಾದ ಅಂಚಿನ ತಗ್ಗಿಗೆ ಬಿದ್ದು ಎದ್ದಾಗ ಅದೇ ಫೋರ್ಕು ಅತಿ ವೇಗವಾಗಿ ಚಲಿಸಬೇಕಾಗುತ್ತದೆ. ದಪ್ಪ ಎಣ್ಣೆ ಮೊದಲನೆಯ ಸಂದರ್ಭದಲ್ಲಿ ಹಿತವೆನಿಸುವುದು ನಿಜ, ಆದರೆ ಎರಡನೆಯ ಸಂದರ್ಭದಲ್ಲಿ ಎಣ್ಣೆ ತೂತಿನಲ್ಲಿ ನುಗ್ಗಲಾರದೆ ಫೋರ್ಕು ಕ್ಷಣಕಾಲ ಗಟ್ಟಿ ಸಲಾಕೆಯಾಗಿಬಿಡುತ್ತದೆ, ಪೆಟ್ಟು ನೇರವಾಗಿ ಹ್ಯಾಂಡಲ್ಲಿಗೆ ಬರುತ್ತದೆ. ಇನ್ನೂ ಒಂದು ತೊಂದರೆ ಇದೆ. ಸಾಲಾಗಿ ತಗ್ಗುಗಳು ಬಂದಾಗ ಒಮ್ಮೆ ಕೂತ ಫೋರ್ಕು ಮುಂದಿನ ತಗ್ಗು ಬರುವ ಮೊದಲು ಪೂರ್ತಿ ಮೇಲೆ ಏಳಲಾರದು, ಹೀಗೆ ಒಂದೊಂದು ತಗ್ಗಿಗೂ ಸ್ವಲ್ಪ ಸ್ವಲ್ಪ ಕೆಳಗಿಳಿದು ಕೊನೆಗೆ ಚಲಿಸಲು ಜಾಗವೇ ಉಳಿದಿರುವುದಿಲ್ಲ.

ಬ್ರೇಕಿನಲ್ಲಿ ಕೂಡುವುದು ಕಡಿಮೆಯಾಯಿತು ಎಂದು ನೀವು ಬರೆದಿದ್ದೀರಿ. ಅದು ಕಡಿಮೆಯಾಗಿಲ್ಲ, ತಡವಾಗಿದೆ ಅಷ್ಟೆ. ಫೋರ್ಕು ಕೊನೆಗೆ ಎಲ್ಲಿಯವರೆಗೆ ಕೂಡಬೇಕು ಎಂಬುದನ್ನು ನಿರ್ಧರಿಸುವುದು ಸ್ಪ್ರಿಂಗ್ ಮತ್ತು ಪೈಪಿನಲ್ಲಿ ಎಣ್ಣೆಯ ಮೇಲೆ ಸಿಕ್ಕಿಕೊಂಡಿರುವ ಗಾಳಿ. ಎಣ್ಣೆಯ ದಪ್ಪ ಅಲ್ಲಿಗೆ ತಲುಪುವ ವೇಗವನ್ನು ಮಾತ್ರ ಬದಲಿಸುತ್ತದೆ. ಬ್ರೇಕನ್ನು ಸ್ವಲ್ಪ ಹೆಚ್ಚು ಹೊತ್ತು ಹಿಡಿದಿದ್ದರೆ ಬೈಕು ಮೊದಲಿನಷ್ಟೇ ಕೆಳಗೆ ಹೋಗಿರುತ್ತದೆ.

ಇನ್ನು ಹೈಡ್ರಾಲಿಕ್ ಎಣ್ಣೆಯ ಮಾತು. ಡಬ್ಬಿ ಒಡೆಯದ ಹೊಸ ವಿಜಿ 32 ಎಣ್ಣೆಯಿಂದ ನಿಮ್ಮ ಬೈಕಿನ ಆಯಿಲ್ ಸೀಲುಗಳಿಗೆ ಕೇಡಿಲ್ಲ, ಏಕೆಂದರೆ ನಿಮ್ಮ ಸಿಲಿಂಡರುಗಳಲ್ಲಿ ಸಾಮಾನ್ಯವಾಗಿ ಇರುವಂತೆಯೇ ಫೋರ್ಕಿನ ಸೀಲು ಕೂಡ ನೈಟ್ರೈಲ್ ರಬ್ಬರಿನದು. ಸ್ನಿಗ್ಧತೆಯೂ 10ಡಬ್ಲ್ಯುಗೆ ಹತ್ತಿರ. ಎಂಜಿನ್ ಎಣ್ಣೆಗಿಂತ ಅದು ಎಷ್ಟೋ ಮೇಲು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಆದರೂ ಪೇಟೆಯಲ್ಲಿ ಫೋರ್ಕ್ ಆಯಿಲ್ ಸಿಗುವಾಗ ಅದನ್ನು ಬಿಟ್ಟು ಇದನ್ನು ಹಾಕಿ ಎಂದು ನಾನು ಹೇಳಲಾರೆ. ಸಾಮಾನ್ಯ ಹೈಡ್ರಾಲಿಕ್ ಎಣ್ಣೆಯ ಸ್ನಿಗ್ಧತಾ ಸೂಚ್ಯಂಕ 100ರ ಆಸುಪಾಸಿನಲ್ಲಿರುತ್ತದೆ, ಅಂಥ ಎಣ್ಣೆ ಚಳಿಗೆ ಬೇಗ ದಪ್ಪವಾಗುತ್ತದೆ, ಬಿಸಿಗೆ ಬೇಗ ತೆಳುವಾಗುತ್ತದೆ. ಒಳ್ಳೆಯ ಫೋರ್ಕ್ ಆಯಿಲ್‌ನಲ್ಲಿ ಈ ಸೂಚ್ಯಂಕ ಹೆಚ್ಚಾಗಿರುತ್ತದೆ. ಅದರಲ್ಲಿ ಪೈಪು ಮತ್ತು ಅದು ಜಾರುವ ಬುಷ್ ಎಂಬ ಬಳೆಗಳ ನಡುವಿನ ಘರ್ಷಣೆ ತಗ್ಗಿಸುವ ಸೇರ್ಪಡೆಗಳೂ, ಫೋರ್ಕಿನ ಚಿಕ್ಕ ಜಾಗದಲ್ಲಿ ಎಣ್ಣೆ ಗಾಳಿಯೊಡನೆ ಕಲೆತು ನೊರೆಯಾಗದಂತೆ ತಡೆಯುವ ಸೇರ್ಪಡೆಗಳೂ ಇರುತ್ತವೆ. ನೊರೆಯಾದ ಎಣ್ಣೆ ತೂತಿನಲ್ಲಿ ತಡೆಯಿಲ್ಲದೆ ಹಾಯುವುದರಿಂದ ಫೋರ್ಕಿನ ಹಿಡಿತವೇ ಹೋಗುತ್ತದೆ. ಫೋರ್ಕಿನ ಎರಡೂ ಕಾಲಿಗೆ, ಅಂದರೆ ಎಡ ಮತ್ತು ಬಲ ಬದಿಯ ಪೈಪುಗಳಿಗೆ, ಸೇರಿ ಬೇಕಾಗುವುದು ಅರ್ಧ ಲೀಟರಿನ ಒಳಗೆ, ಅಷ್ಟಕ್ಕಾಗಿ ಬದಲಿ ಹುಡುಕುವ ಅಗತ್ಯವಿಲ್ಲ. ವಿಜಿ 68 ಅಂತೂ ಬೇಡವೇ ಬೇಡ, ಅದು 20ಡಬ್ಲ್ಯು ಫೋರ್ಕ್ ಆಯಿಲ್‌ನ ಸಮೀಪದ್ದು. ಪವರ್ ಪ್ಯಾಕ್‌ನಿಂದ, ಅಂದರೆ ಹೈಡ್ರಾಲಿಕ್ ಯಂತ್ರಕ್ಕೆ ಎಣ್ಣೆ ಒದಗಿಸುವ ಪಂಪು ಮತ್ತು ಟ್ಯಾಂಕಿನಿಂದ, ಬಸಿದ ಹಳೆಯ ಎಣ್ಣೆಯನ್ನು ಸೋಸಿ ಹಾಕುವ ಯೋಚನೆಯನ್ನೂ ಮಾಡಬೇಡಿ. ಅದರಲ್ಲಿರುವ ಲೋಹದ ಕಣಗಳು ಬಟ್ಟೆಯಲ್ಲಿ ನಿಲ್ಲುವಷ್ಟು ದೊಡ್ಡವಲ್ಲ, ಆದರೆ ಬುಷ್ ಸವೆಸಲು ಸಾಕು.

ಈಗ ಒಳಗಿರುವ 20ಡಬ್ಲ್ಯು-40 ಎಣ್ಣೆಯನ್ನು ಬರಿದೆ ಬಸಿದರೆ ಸಾಲದು. ಗೋಡೆಗೆ ಮತ್ತು ಸ್ಪ್ರಿಂಗಿಗೆ ಅಂಟಿ ಉಳಿದದ್ದು ಹೊಸ ಎಣ್ಣೆಯನ್ನು ದಪ್ಪಗೊಳಿಸುತ್ತದೆ. ಸ್ವಲ್ಪ ಹೊಸ ಫೋರ್ಕ್ ಆಯಿಲ್ ಹಾಕಿ, ಫೋರ್ಕನ್ನು ಹಲವು ಸಲ ಮೇಲೆ ಕೆಳಗೆ ಆಡಿಸಿ, ಅದನ್ನೂ ಚೆಲ್ಲಿ ಆಮೇಲೆ ಅಳತೆಯಂತೆ ತುಂಬಿ.

ಪ್ರಶ್ನೆ: ಕೈಪಿಡಿಯಲ್ಲಿ 10ಡಬ್ಲ್ಯು ಎಂದಿದೆ. ಅಂಗಡಿಯಲ್ಲಿ ಎರಡು ಕಂಪನಿಗಳ 10ಡಬ್ಲ್ಯು ಇವೆ, ಆದರೆ ಬಾಟಲಿ ಅಲುಗಿಸಿದರೆ ಒಂದು ಇನ್ನೊಂದಕ್ಕಿಂತ ದಪ್ಪ ಕಾಣುತ್ತದೆ. ಒಂದು ನಕಲಿ ಇರಬಹುದೆ? ಎರಡನ್ನೂ ಬೆರೆಸಿದರೆ ನಡೆಯುತ್ತದೆಯೆ?
ಓದುಗರು, ನವನಗರ, ಬಾಗಲಕೋಟೆ

ಉತ್ತರ: ನಕಲಿಯೇ ಇರಬೇಕೆಂದಿಲ್ಲ. ಎಂಜಿನ್ ಎಣ್ಣೆಯ ಅಂಕಿಗಳಿಗೆ ಎಲ್ಲ ತಯಾರಕರೂ ಪಾಲಿಸಬೇಕಾದ ಒಂದು ಅಳತೆಯ ನಿಯಮವಿದೆ. ಉದಾಹರಣೆಗೆ, ಕೊನೆಯಲ್ಲಿ 40 ಎಂದು ಬರೆದ ಎಂಜಿನ್ ಎಣ್ಣೆ 100 ಡಿಗ್ರಿಯಲ್ಲಿ 12.5ಕ್ಕಿಂತ ಕಡಿಮೆಯಾಗದೆ 16.3 ಸೆಂಟಿಸ್ಟೋಕ್ಸ್‌ನ ಒಳಗೆ ಇರಲೇಬೇಕು. ಫೋರ್ಕ್ ಆಯಿಲ್‌ನ 5ಡಬ್ಲ್ಯು, 10ಡಬ್ಲ್ಯು, 15ಡಬ್ಲ್ಯು ಎಂಬ ಹೆಸರುಗಳಿಗೆ ಅಂಥ ಕಟ್ಟುನಿಟ್ಟು ಇಲ್ಲ. ಆದ್ದರಿಂದ ಒಬ್ಬ ತಯಾರಕನ 10ಡಬ್ಲ್ಯು ಇನ್ನೊಬ್ಬನ 15ಡಬ್ಲ್ಯುಗಿಂತ ದಪ್ಪವಾಗಿರುವುದೂ ಉಂಟು. ದೊಡ್ಡ ಅಕ್ಷರದ ಹೆಸರನ್ನು ಬಿಟ್ಟು, ಬಾಟಲಿಯ ಹಿಂಬದಿಯಲ್ಲಿಯೋ ತಯಾರಕರ ಮಾಹಿತಿ ಪತ್ರದಲ್ಲಿಯೋ 40 ಡಿಗ್ರಿಯಲ್ಲಿ ಎಷ್ಟು ಸಿಎಸ್‌ಟಿ (ಸೆಂಟಿಸ್ಟೋಕ್ಸ್) ಎಂದು ಕೊಟ್ಟಿರುವ ಅಂಕಿಯನ್ನು ನೋಡಿ. ಬೈಕಿನ ತಯಾರಕರೇ ತಮ್ಮ ಹೆಸರಿನಲ್ಲಿ ಮಾರುವ ಫೋರ್ಕ್ ಆಯಿಲ್ ಸಿಕ್ಕರೆ ಮೊದಲ ಸಲಕ್ಕೆ ಅದನ್ನೇ ಹಾಕುವುದು ಒಳ್ಳೆಯದು. ಅದರಿಂದ ನಿಮ್ಮ ಬೈಕಿನ ಸಹಜ ನಡತೆ ಗೊತ್ತಾಗುತ್ತದೆ, ಮುಂದೆ ಬದಲಾವಣೆ ಮಾಡುವಾಗ ಹೋಲಿಸಲು ಒಂದು ಆಧಾರ ಇರುತ್ತದೆ.

ಬೆರೆಸುವುದಿದ್ದರೆ ಒಂದೇ ಕಂಪನಿಯ, ಒಂದೇ ಮಾಲಿಕೆಯ ಎರಡು ದಪ್ಪಗಳನ್ನು ಮಾತ್ರ ಬೆರೆಸಿ. ಸಮಪಾಲಿನಲ್ಲಿ ಬೆರೆಸಿದಾಗ ಬರುವ ಸ್ನಿಗ್ಧತೆ ಎರಡರ ನಡುವಿನ ಸರಾಸರಿಗಿಂತ ತುಸು ಕಡಿಮೆಯೇ ಇರುತ್ತದೆ. ಬೇರೆ ಬೇರೆ ಕಂಪನಿಗಳ ಸೇರ್ಪಡೆಗಳು ಒಂದಕ್ಕೊಂದು ಹೊಂದುತ್ತವೆ ಎಂಬ ಭರವಸೆ ಯಾರೂ ಕೊಡುವುದಿಲ್ಲ.

ಪ್ರಶ್ನೆ: ದಿನಾ ಬೆಳಿಗ್ಗೆ ಹಿಂದೆ ಎರಡು ಹಾಲಿನ ಕ್ಯಾನು ಕಟ್ಟಿಕೊಂಡು ಊರಿನಿಂದ ಪೇಟೆಗೆ ಬರುತ್ತೇನೆ. ಬೈಕು ಹಳೆಯ 100 ಸಿಸಿ. ಬ್ರೇಕು ಹಿಡಿದರೆ ಮುಂದಿನ ಫೋರ್ಕು ಟಕ್ ಎಂದು ತಳ ಮುಟ್ಟುತ್ತದೆ. ದಪ್ಪ ಎಣ್ಣೆ ಹಾಕಿಸಿದರೆ ಭಾರ ತಡೆಯುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಯಾವ ದಪ್ಪದ್ದು ಹಾಕಿಸಲಿ?
ಓದುಗರು, ಮುಧೋಳ ತಾಲ್ಲೂಕು

ಉತ್ತರ: ಭಾರ ಹೊರುವುದು ಸ್ಪ್ರಿಂಗ್. ಎಣ್ಣೆ ಭಾರ ಹೊರುವುದಿಲ್ಲ. ನಿಂತಿರುವ ಬೈಕಿನ ಮೇಲೆ ನೀವು ಕುಳಿತಾಗ ಮುಂಭಾಗ ಎಷ್ಟು ಇಳಿಯುತ್ತದೆಯೋ ಅಷ್ಟೇ, ಯಾವ ಎಣ್ಣೆ ಹಾಕಿದರೂ ಇಳಿಯುತ್ತದೆ. ದಯವಿಟ್ಟು ದಪ್ಪ ಎಣ್ಣೆಗೆ ದುಡ್ಡು ಕೊಡುವ ಮೊದಲು ಒಂದು ಅಳತೆ ಮಾಡಿ. ಯಾರನ್ನಾದರೂ ಜೊತೆಗೆ ಕರೆದುಕೊಂಡು, ಮುಂದಿನ ಗಾಲಿ ನೆಲದಿಂದ ಮೇಲೆದ್ದಿರುವಾಗ ಫೋರ್ಕಿನ ಹೊಳೆಯುವ ಪೈಪು ಎಷ್ಟು ಉದ್ದ ಕಾಣುತ್ತದೆ ಎಂದು ಟೇಪಿನಿಂದ ನೋಡಿ. ಆಮೇಲೆ ಬೈಕನ್ನು ನೆಲಕ್ಕಿಳಿಸಿ, ನೀವು ಕುಳಿತು, ಒಂದೆರಡು ಸಲ ಆಡಿಸಿ ಬಿಟ್ಟು ಅದೇ ಉದ್ದವನ್ನು ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸ ಫೋರ್ಕಿನ ಒಟ್ಟು ಓಡಾಟದ, ಅಂದರೆ ಪೂರ್ತಿ ಎದ್ದಲ್ಲಿಂದ ಪೂರ್ತಿ ಕೂಡುವವರೆಗಿನ ದೂರದ, ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಇದ್ದರೆ ಸ್ಪ್ರಿಂಗ್ ಸರಿಯಿದೆ. ಓಡಾಟ 120 ಮಿ.ಮೀ. ಇರುವ ಬೈಕಿನಲ್ಲಿ ಅದು 30ರಿಂದ 40 ಮಿ.ಮೀ. ಆಗುತ್ತದೆ. ಅದಕ್ಕಿಂತ ಬಹಳ ಹೆಚ್ಚು ಇಳಿಯುತ್ತಿದ್ದರೆ ನಿಮ್ಮ ಬೈಕಿನ ಸ್ಪ್ರಿಂಗು ವರ್ಷಗಳ ದುಡಿಮೆಯಲ್ಲಿ ಕುಗ್ಗಿದೆ. ಹೊರತೆಗೆದು ಅದರ ಉದ್ದ ಅಳೆದು ಸರ್ವಿಸ್ ಕೈಪಿಡಿಯಲ್ಲಿ ಕೊಟ್ಟ ಕನಿಷ್ಠ ಉದ್ದಕ್ಕೆ ಹೋಲಿಸಿದರೆ ಸಂಶಯ ಉಳಿಯುವುದಿಲ್ಲ. ಬದಲಿಸುವುದಾದರೆ ಎರಡೂ ಕಡೆಯ ಸ್ಪ್ರಿಂಗುಗಳನ್ನು ಒಟ್ಟಿಗೇ ಬದಲಿಸಬೇಕು.

ಹಾಲಿನ ಕ್ಯಾನುಗಳ ವಿಷಯದಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಹಿಂದಿನ ಗಾಲಿಯ ಎರಡೂ ಬದಿಗೆ ಕಟ್ಟಿದ ಭಾರ ಮುಂದಿನ ಗಾಲಿಯನ್ನು ಅಷ್ಟಾಗಿ ಒತ್ತುವುದಿಲ್ಲ, ಹಿಂದಿನ ಆಕ್ಸಲಿಗಿಂತ ಹಿಂದಕ್ಕಿದ್ದರೆ ಅದನ್ನು ಹಗುರಗೊಳಿಸುತ್ತದೆ. ಆ ಭಾರ ಮುಂದಕ್ಕೆ ಬರುವುದು ಬ್ರೇಕು ಹಿಡಿದಾಗ, ಒಮ್ಮೆಲೆ. ಅರ್ಧ ತುಂಬಿದ ಕ್ಯಾನಿನಲ್ಲಿ ಹಾಲು ತುಳುಕುವುದೂ ಅದಕ್ಕೆ ಸೇರುತ್ತದೆ. ಕ್ಯಾನುಗಳನ್ನು ಆದಷ್ಟು ಮುಂದಕ್ಕೆ, ಆದಷ್ಟು ಕೆಳಗೆ ಬರುವಂತೆ ಚೌಕಟ್ಟು ಮಾಡಿಸಿದರೆ ಮುಂದಿನ ಫೋರ್ಕಿಗೂ ಹ್ಯಾಂಡಲ್ಲಿಗೂ ಬಹಳ ಅನುಕೂಲವಾಗುತ್ತದೆ.

ತಳ ಮುಟ್ಟುವುದಕ್ಕೆ ಮತ್ತೊಂದು ಸಾಮಾನ್ಯ ಕಾರಣ ಎಣ್ಣೆ ಕಡಿಮೆಯಾಗಿರುವುದು. ಪೈಪಿನಲ್ಲಿ ಎಣ್ಣೆಯ ಮೇಲಿರುವ ಗಾಳಿ ಕೂಡ ಒಂದು ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಪೈಪಿನ ಗೋಡೆಯ ದಪ್ಪವನ್ನು ಲೆಕ್ಕಕ್ಕೆ ಹಿಡಿಯದೆ ಸ್ಥೂಲವಾಗಿ ನೋಡೋಣ. ಫೋರ್ಕು ಪೂರ್ತಿ ಕೂತಾಗ ಎಣ್ಣೆಯ ಮೇಲೆ 120 ಮಿ.ಮೀ. ಗಾಳಿ ಉಳಿಯುತ್ತದೆ, ಓಡಾಟ 120 ಮಿ.ಮೀ. ಇದೆ ಎಂದುಕೊಂಡರೆ, ಪೂರ್ತಿ ಎದ್ದಾಗ ಗಾಳಿಯ ಉದ್ದ 240 ಮಿ.ಮೀ. ಆಗುತ್ತದೆ. ಅಂದರೆ ಕೊನೆಯಲ್ಲಿ ಗಾಳಿಯ ಒತ್ತಡ ಎರಡು ಪಟ್ಟು. ಎಣ್ಣೆಯ ಮಟ್ಟ ಏರಿಸಿ ಆ 120 ಮಿ.ಮೀ. ಗಾಳಿಯನ್ನು 80ಕ್ಕೆ ಇಳಿಸಿದರೆ, 200 ಮಿ.ಮೀ. ಗಾಳಿ 80ಕ್ಕೆ ಕುಗ್ಗಿ ಒತ್ತಡ ಎರಡೂವರೆ ಪಟ್ಟಾಗುತ್ತದೆ. ಫೋರ್ಕಿನ ಮೊದಲ ಭಾಗದ ಮೆತ್ತನೆ ಹೆಚ್ಚು ಬದಲಾಗದೆ ಕೊನೆಯ ಭಾಗ ಮಾತ್ರ ಬಿಗಿಯಾಗುವುದು ಈ ವಿಧಾನದ ವಿಶೇಷ. ಆದರೆ ಇದನ್ನು ಕೈಪಿಡಿಯ ಮಟ್ಟದಿಂದ 5 ಮಿ.ಮೀ., ಹೆಚ್ಚೆಂದರೆ 10 ಮಿ.ಮೀ.ಯಂತೆ ಹಂತಹಂತವಾಗಿ ಮಾಡಬೇಕು. ಅತಿಯಾಗಿ ತುಂಬಿದರೆ ಒತ್ತಡ ಆಯಿಲ್ ಸೀಲನ್ನೇ ಹೊರಕ್ಕೆ ತಳ್ಳುತ್ತದೆ. ನಿಮ್ಮ ಬೈಕಿಗೆ ನನ್ನ ಸಲಹೆ ಇಷ್ಟು: ಕೈಪಿಡಿ ಹೇಳಿದ ದಪ್ಪದ ಎಣ್ಣೆ, ಕೈಪಿಡಿ ಹೇಳಿದ ಮಟ್ಟ, ಕುಗ್ಗಿದ್ದರೆ ಹೊಸ ಸ್ಪ್ರಿಂಗು.

ಪ್ರಶ್ನೆ: ಫೋರ್ಕ್ ಆಯಿಲನ್ನು ಮನೆಯಲ್ಲಿಯೇ ಬದಲಿಸಬೇಕೆಂದಿದ್ದೇನೆ. ಪಾನಾಗಳ ಪೂರ್ತಿ ಸೆಟ್ ಇದೆ, ಗಾಲಿ ಬಿಚ್ಚಿ ಹಾಕುವ ರೂಢಿ ಇದೆ. ಎಷ್ಟು ಕಿಲೋಮೀಟರಿಗೆ ಬದಲಿಸಬೇಕು? ಎಷ್ಟು ಹಾಕಬೇಕೆಂದು ಹೇಗೆ ತಿಳಿಯುವುದು? ಬಸಿದು ಬಂದಷ್ಟನ್ನೇ ಅಳೆದು ಹಾಕಿದರೆ ಸಾಕಲ್ಲವೆ? ನಮ್ಮ ಕಡೆಯ ಬೇಸಿಗೆಗೆ ಒಂದು ಹಂತ ದಪ್ಪನೆಯದು ಹಾಕಬೇಕೆ?
ಓದುಗರು, ವಿಜಯಪುರ

ಉತ್ತರ: ಅವಧಿಯ ಬಗ್ಗೆ ನಿಮ್ಮ ಬೈಕಿನ ಕೈಪಿಡಿ ಹೇಳಿದ್ದೇ ಮೊದಲ ಮಾತು. ಕೈಪಿಡಿ ಕೈಗೆ ಸಿಗದಿದ್ದರೆ 15,000ದಿಂದ 20,000 ಕಿ.ಮೀ. ಅಥವಾ ಎರಡು ವರ್ಷ, ಯಾವುದು ಮೊದಲೋ ಅದನ್ನು ಮಿತಿಯಾಗಿ ಇಟ್ಟುಕೊಳ್ಳಬಹುದು. ಎರೆಹೊಲದ ದಾರಿಗಳಲ್ಲಿ ದಿನಾ ಓಡಾಡುವವರು ಇನ್ನೂ ಬೇಗ ಬದಲಿಸುವುದು ಲೇಸು, ಏಕೆಂದರೆ ಎರೆಮಣ್ಣಿನ ನಯವಾದ ಧೂಳು ಡಸ್ಟ್ ಸೀಲಿನ ತುಟಿಯಲ್ಲಿ ಕೂತು ಪೈಪಿನ ಜೊತೆ ಸ್ವಲ್ಪ ಸ್ವಲ್ಪ ಒಳಗೆ ಇಳಿಯುತ್ತದೆ. ಹೊಸ ಬೈಕಿನ ಮೊದಲ ಬದಲಾವಣೆಯನ್ನು ಮುಂದೂಡಬೇಡಿ. ಹೊಸ ಬುಷ್‌ಗಳು ಹೊಂದಿಕೊಳ್ಳುವಾಗ ಸವೆದ ಲೋಹದ ಪುಡಿ ಮೊದಲ ಎಣ್ಣೆಯಲ್ಲಿಯೇ ಅತಿ ಹೆಚ್ಚು ಇರುತ್ತದೆ. ಬಸಿದ ಎಣ್ಣೆ ಬೂದಿ ಬಣ್ಣಕ್ಕೆ ತಿರುಗಿ ಕೆಟ್ಟ ವಾಸನೆ ಬರುತ್ತಿದ್ದರೆ, ಬದಲಿಸುವ ಕಾಲ ಆಗಲೇ ದಾಟಿದೆ ಎಂದು ತಿಳಿಯಿರಿ.

ಬಸಿದು ಬಂದಷ್ಟನ್ನೇ ಹಾಕುವ ಪದ್ಧತಿ ಬಹಳ ಕಡೆ ಇದೆ, ಮತ್ತು ಅದು ತಪ್ಪು. ಸೀಲಿನಿಂದ ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಹೋದ ಎಣ್ಣೆ ಆ ಅಳತೆಯಲ್ಲಿ ಬರುವುದಿಲ್ಲ, ಹಿಂದೆ ಹಾಕಿದವರು ಮಾಡಿದ ತಪ್ಪು ಅದರಲ್ಲಿ ಹಾಗೆಯೇ ಮುಂದುವರಿಯುತ್ತದೆ, ಎಡಗಡೆ ಮತ್ತು ಬಲಗಡೆಯ ಕಾಲುಗಳ ವ್ಯತ್ಯಾಸವೂ ಉಳಿದುಕೊಳ್ಳುತ್ತದೆ. ಕೈಪಿಡಿಯಲ್ಲಿ ಮಿಲಿಲೀಟರ್ ಲೆಕ್ಕ ಕೊಟ್ಟಿರುತ್ತಾರೆ. ಕೆಲವು ಕೈಪಿಡಿಗಳಲ್ಲಿ ಬರೀ ಬಸಿದಾಗ ಒಂದು ಪ್ರಮಾಣ, ಪೂರ್ತಿ ಬಿಚ್ಚಿ ಒರೆಸಿದಾಗ ಇನ್ನೊಂದು ಪ್ರಮಾಣ ಎಂದು ಎರಡು ಅಂಕಿಗಳಿರುತ್ತವೆ, ಅದನ್ನು ಗಮನಿಸಿ ಓದಿ. ಆದರೆ ಪ್ರಮಾಣಕ್ಕಿಂತಲೂ ನಂಬಲರ್ಹವಾದದ್ದು ಮಟ್ಟ. ಒಳವ್ಯಾಸ 25 ಮಿ.ಮೀ. ಇರುವ ಪೈಪಿನಲ್ಲಿ ಕೇವಲ 10 ಮಿ.ಲೀ. ಎಣ್ಣೆ ಹೆಚ್ಚಾದರೆ ಮಟ್ಟ ಸುಮಾರು 20 ಮಿ.ಮೀ. ಏರುತ್ತದೆ. ಗೋಡೆಗೆ ಅಂಟಿ ಉಳಿದ ಹಳೆಯ ಎಣ್ಣೆಯೇ ಅಷ್ಟು ಇರಬಲ್ಲದು ಎಂಬುದನ್ನು ನೆನೆದರೆ, ಮಟ್ಟ ಅಳೆಯದೆ ಮುಚ್ಚಳ ಹಾಕುವುದು ಎಷ್ಟು ಅಪಾಯದ ಅಂದಾಜು ಎಂಬುದು ತಿಳಿಯುತ್ತದೆ.

ಕೆಲಸದ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಬೈಕನ್ನು ಸಮತಟ್ಟಾದ ಜಾಗದಲ್ಲಿ ಡಬಲ್ ಸ್ಟ್ಯಾಂಡಿಗೆ ಹಾಕಿ, ಎಂಜಿನ್ನಿನ ಕೆಳಗೆ ಗಟ್ಟಿಯಾದ ಕಟ್ಟಿಗೆ ಕೊಟ್ಟು ಮುಂದಿನ ಗಾಲಿ ನೆಲ ಬಿಡುವಂತೆ ಮಾಡಿ. ಗಾಲಿ, ಮಡ್‌ಗಾರ್ಡ್, ಡಿಸ್ಕ್ ಇದ್ದರೆ ಕ್ಯಾಲಿಪರ್ ಬಿಚ್ಚಿ. ಕ್ಯಾಲಿಪರನ್ನು ಬ್ರೇಕಿನ ಹೋಸಿಗೆ ಜೋತುಬಿಡದೆ ಹಗ್ಗದಿಂದ ಮೇಲೆ ಕಟ್ಟಿ, ಡಿಸ್ಕ್ ಹೊರಗಿರುವಾಗ ಬ್ರೇಕಿನ ಲಿವರನ್ನು ಯಾರೂ ಒತ್ತದಂತೆ ನೋಡಿಕೊಳ್ಳಿ. ಪೈಪು ಇನ್ನೂ ಕೆಳಗಿನ ಕ್ಲ್ಯಾಂಪಿನಲ್ಲಿ ಬಿಗಿಯಾಗಿರುವಾಗಲೇ, ಮೇಲಿನ ಕ್ಲ್ಯಾಂಪನ್ನು ಸಡಿಲಿಸಿ ಪೈಪಿನ ತುದಿಯ ಮುಚ್ಚಳವನ್ನು ಅರ್ಧ ಸುತ್ತು ಸಡಿಲ ಮಾಡಿ. ಪೈಪು ಕೈಗೆ ಬಂದ ಮೇಲೆ ಆ ಮುಚ್ಚಳ ಅಲುಗದೆ ಸತಾಯಿಸುತ್ತದೆ. ಮುಚ್ಚಳದ ಕೆಳಗೆ ಸ್ಪ್ರಿಂಗು ಒತ್ತಿ ಕೂತಿರುತ್ತದೆ. ಆದ್ದರಿಂದ ಕೊನೆಯ ಸುತ್ತುಗಳನ್ನು ಅಂಗೈಯಿಂದ ಬಲವಾಗಿ ಒತ್ತಿಹಿಡಿದು, ಮುಖವನ್ನು ಪಕ್ಕಕ್ಕಿಟ್ಟುಕೊಂಡು ಬಿಚ್ಚಿ. ಮುಚ್ಚಳ ಹಾರಿ ಕಣ್ಣಿಗೆ ಬಡಿಯುವ ಅಪಾಯ ನಿಜವಾದದ್ದು. ಸ್ಪ್ರಿಂಗಿನ ಒಂದು ತುದಿಯಲ್ಲಿ ಸುತ್ತುಗಳು ಒತ್ತಾಗಿದ್ದರೆ, ಆ ತುದಿ ಮೇಲಿತ್ತೋ ಕೆಳಗಿತ್ತೋ ಬರೆದಿಟ್ಟುಕೊಳ್ಳಿ. ಎರಡೂ ಕಾಲುಗಳ ಬಿಡಿಭಾಗಗಳು ಕಲೆಯದಂತೆ ಒಂದನ್ನು ಮುಗಿಸಿ ಇನ್ನೊಂದನ್ನು ಬಿಚ್ಚುವುದು ಉತ್ತಮ.

ಕಾಲನ್ನು ತಲೆಕೆಳಗು ಮಾಡಿ, ಆಡಿಸಿ, ಎಣ್ಣೆ ಪೂರ್ತಿ ಬಸಿಯಲು ಬಿಡಿ. ಕೆಲವು ಬೈಕುಗಳಲ್ಲಿ ಕೆಳಗೆ ಚಿಕ್ಕ ಡ್ರೇನ್ ಸ್ಕ್ರೂ ಇರುತ್ತದೆ, ಅದರಿಂದ ಬಸಿಯುವುದು ಸುಲಭವಾದರೂ ತಳದ ಕೆಸರು ಅಷ್ಟಾಗಿ ಹೊರಬರುವುದಿಲ್ಲ. ಸೀಮೆಎಣ್ಣೆಯಿಂದ ತೊಳೆಯುವುದು ನಮ್ಮ ಗ್ಯಾರೇಜುಗಳ ರೂಢಿ. ಹಾಗೆ ತೊಳೆದರೆ ರಾತ್ರಿಯಿಡೀ ಬೋರಲಾಗಿ ನಿಲ್ಲಿಸಿ ಒಣಗಿಸಬೇಕು, ಉಳಿದ ಸೀಮೆಎಣ್ಣೆ ಹೊಸ ಎಣ್ಣೆಯನ್ನು ತೆಳುಗೊಳಿಸುತ್ತದೆ. ಸೀಲು ಸೋರುತ್ತಿಲ್ಲವಾದರೆ ತಳದ ಎಲೆನ್ ಬೋಲ್ಟನ್ನು ಮುಟ್ಟುವ ಅಗತ್ಯವಿಲ್ಲ.

ತುಂಬುವಾಗ ಪೈಪನ್ನು ನೆಟ್ಟಗೆ ನಿಲ್ಲಿಸಿ, ಹೇಳಿದ ಪ್ರಮಾಣವನ್ನು ಹಾಕಿ, ಗುಳುಗುಳು ಸದ್ದು ನಿಂತು ಒಂದೇ ಸಮನಾದ ಬಿಗುವು ಕೈಗೆ ಸಿಗುವವರೆಗೆ ನಿಧಾನವಾಗಿ ಆಡಿಸಿ. ಆಮೇಲೆ ಹತ್ತು ನಿಮಿಷ ಬಿಟ್ಟು ಗಾಳಿಯ ಗುಳ್ಳೆಗಳು ಮೇಲೆ ಬರಲು ಅವಕಾಶ ಕೊಡಿ. ಈಗ ಸ್ಪ್ರಿಂಗು ಹೊರಗಿರುವಂತೆಯೇ ಪೈಪನ್ನು ಪೂರ್ತಿ ಕೆಳಕ್ಕೆ ಒತ್ತಿ, ಪೈಪಿನ ಮೇಲಂಚಿನಿಂದ ಎಣ್ಣೆಯ ಮೇಲ್ಮೈಗೆ ಎಷ್ಟು ಮಿ.ಮೀ. ಎಂದು ಅಳೆಯಬೇಕು. ಇದಕ್ಕೆ ದುಬಾರಿ ಸಾಧನ ಬೇಕಿಲ್ಲ. ಔಷಧದ ಅಂಗಡಿಯಲ್ಲಿ ಸಿಗುವ 50 ಮಿ.ಲೀ. ಸಿರಿಂಜಿಗೆ ಗಟ್ಟಿಯಾದ ಸಣ್ಣ ಕೊಳವೆ ಸಿಕ್ಕಿಸಿ, ಕೈಪಿಡಿ ಹೇಳಿದ ಅಂತರಕ್ಕೆ ಸರಿಯಾಗಿ ಕೊಳವೆಯ ಮೇಲೆ ಟೇಪು ಸುತ್ತಿ, ಆ ಟೇಪು ಪೈಪಿನ ಅಂಚಿಗೆ ತಾಗುವಂತೆ ಇಳಿಬಿಡಿ. ಎಣ್ಣೆಯನ್ನು ತುಸು ಹೆಚ್ಚೇ ಹಾಕಿದ್ದರೆ, ಸಿರಿಂಜಿನಲ್ಲಿ ಎಣ್ಣೆ ನಿಂತು ಗಾಳಿ ಬರುವ ಕ್ಷಣಕ್ಕೆ ಮಟ್ಟ ಕರಾರುವಾಕ್ಕಾಗಿ ಬಂದಿರುತ್ತದೆ. ಎರಡೂ ಕಾಲುಗಳಲ್ಲಿ ಈ ಅಂತರ ಒಂದೇ ಇರಬೇಕು, ಇದರಲ್ಲಿ ರಿಯಾಯಿತಿ ಮಾಡಿಕೊಳ್ಳಬೇಡಿ.

ಮರಳಿ ಜೋಡಿಸುವಾಗ ಎರಡೂ ಪೈಪುಗಳು ಮೇಲಿನ ಕ್ಲ್ಯಾಂಪಿನಿಂದ ಸಮನಾಗಿ ಹೊರಬಂದಿವೆಯೇ ಎಂದು ನೋಡಿ. ಗಾಲಿಯ ಆಕ್ಸಲ್ ಕೊನೆಯ ಬಿಗಿತ ಕೊಡುವ ಮುನ್ನ ಬೈಕನ್ನು ನೆಲಕ್ಕಿಳಿಸಿ ಫೋರ್ಕನ್ನು ನಾಲ್ಕಾರು ಸಲ ಒತ್ತಿ ಬಿಡಿ, ಎರಡೂ ಕಾಲುಗಳು ಒಂದೇ ಸಾಲಿಗೆ ಬಂದು ನಿಲ್ಲುತ್ತವೆ. ಇದನ್ನು ಬಿಟ್ಟರೆ ಹೊಸ ಎಣ್ಣೆ ಹಾಕಿಯೂ ಫೋರ್ಕು ಬಿಗಿದು ಓಡುತ್ತದೆ. ರಸ್ತೆಗೆ ಇಳಿಯುವ ಮೊದಲು ಬ್ರೇಕಿನ ಲಿವರನ್ನು ಗಟ್ಟಿಯಾಗುವವರೆಗೆ ಒತ್ತಿ ನೋಡಿ.

ಬೇಸಿಗೆಯ ವಿಚಾರ. ವಿಜಯಪುರದ ಮೇ ತಿಂಗಳ ಬಿಸಿಲು 40 ಡಿಗ್ರಿ ದಾಟುತ್ತದೆ, ಡಿಸೆಂಬರಿನ ಬೆಳಗಿನ ಜಾವದ ಚಳಿಯೂ ನಿಮಗೆ ಗೊತ್ತಿದೆ. ಸೂಚ್ಯಂಕ 100 ಇರುವ, 40 ಡಿಗ್ರಿಯಲ್ಲಿ 32 ಸೆಂಟಿಸ್ಟೋಕ್ಸ್ ಇರುವ ಎಣ್ಣೆ 20 ಡಿಗ್ರಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ದಪ್ಪವಾಗುತ್ತದೆ, 60 ಡಿಗ್ರಿಯಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬೇಸಿಗೆಗೆಂದು ದಪ್ಪ ಎಣ್ಣೆ ಹಾಕಿದರೆ ಚಳಿಗಾಲದ ಬೆಳಿಗ್ಗೆ ಅದು ಕೈಗೆ ಹೊಡೆಯುತ್ತದೆ. ಹೇಳಿದ ದಪ್ಪವನ್ನೇ ಇಟ್ಟುಕೊಂಡು ಸೂಚ್ಯಂಕ ಹೆಚ್ಚಿರುವ ಎಣ್ಣೆಯನ್ನು ಆರಿಸಿ, ಬೆಲೆ ಸ್ವಲ್ಪ ಹೆಚ್ಚಾದರೂ ಅದು ಎರಡೂ ಕಾಲಕ್ಕೆ ಒದಗುತ್ತದೆ. ಬಸಿದ ಹಳೆಯ ಎಣ್ಣೆಯನ್ನು ಚರಂಡಿಗೂ ಹೊಲಕ್ಕೂ ಚೆಲ್ಲದೆ, ಹಳೆಯ ಎಂಜಿನ್ ಎಣ್ಣೆಯನ್ನು ಪೀಪಾಯಿಯಲ್ಲಿ ಕೂಡಿಸಿ ಶುದ್ಧೀಕರಣಕ್ಕೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಪ್ರಶ್ನೆ: ನನ್ನ ಬೈಕಿನಲ್ಲಿ ದಪ್ಪ ಪೈಪು ಮೇಲೆ, ಸಣ್ಣ ಪೈಪು ಕೆಳಗೆ ಇರುವ ತಲೆಕೆಳಗಾದ ಫೋರ್ಕು ಇದೆ. ಇದಕ್ಕೂ ಮೇಲಿನ ಕ್ರಮವೇ ಸಾಕೆ?
ಓದುಗರು, ಅಥಣಿ

ಉತ್ತರ: ಸಾಲದು. ಇಂಥ ಬಹುತೇಕ ಫೋರ್ಕುಗಳ ಒಳಗೆ ತೂತಿನ ರಾಡ್ ಬದಲು ಕಾರ್ಟ್ರಿಜ್ ಇರುತ್ತದೆ. ಅಲ್ಲಿ ತೆಳುವಾದ ಉಕ್ಕಿನ ತಗಡುಗಳು ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ, ಎಣ್ಣೆಯೂ ತೆಳುವಾದದ್ದೇ ಬೇಕು. ಸ್ಪ್ರಿಂಗನ್ನು ಒತ್ತಿ ಹಿಡಿಯುವ ವಿಶೇಷ ಸಾಧನವಿಲ್ಲದೆ ಮುಚ್ಚಳ ಕಳಚುವುದಿಲ್ಲ, ಕಾರ್ಟ್ರಿಜ್‌ನೊಳಗಿನ ಗಾಳಿಯನ್ನು ಅದರ ರಾಡ್ ಆಡಿಸಿ ಬೇರೆಯಾಗಿಯೇ ತೆಗೆಯಬೇಕು. ಆ ಸಾಧನ ಇರುವ ಅಧಿಕೃತ ಸರ್ವಿಸ್ ಕೇಂದ್ರಕ್ಕೇ ಒಯ್ಯಿರಿ. ಎಂಜಿನ್ ಎಣ್ಣೆಯನ್ನಾಗಲಿ ಹೈಡ್ರಾಲಿಕ್ ಎಣ್ಣೆಯನ್ನಾಗಲಿ ಇದರ ಹತ್ತಿರವೂ ತರಬೇಡಿ.

ಪ್ರಶ್ನೆ: ಹೋದ ಮಳೆಗಾಲದಿಂದ ಮುಂದಿನ ಬಲಗಡೆಯ ಫೋರ್ಕಿನಲ್ಲಿ ಎಣ್ಣೆ ಒಸರುತ್ತಿದೆ. ಒರೆಸಿದರೆ ಎರಡು ದಿನಕ್ಕೆ ಮತ್ತೆ ಉಂಗುರದಂತೆ ಕಾಣುತ್ತದೆ. ಸೀಲು ಒಮ್ಮೆ ಬದಲಿಸಿದೆ, ಆರು ತಿಂಗಳಿಗೆ ಮತ್ತೆ ಅದೇ ಕಥೆ. ಡಿಸ್ಕ್ ಕೂಡ ಅದೇ ಬದಿಗೆ ಇದೆ. ತಿಂಗಳಿಗೊಮ್ಮೆ ಜಾಂಬೋಟಿ ಮಾರ್ಗವಾಗಿ ಗೋವಾಕ್ಕೆ ಹೋಗಿಬರುತ್ತೇನೆ.
ಓದುಗರು, ಖಾನಾಪುರ

ಉತ್ತರ: ಹೊಸ ಸೀಲು ಆರು ತಿಂಗಳಿಗೆ ಸೋತಿದೆ ಎಂದರೆ ತಪ್ಪು ಸೀಲಿನದಲ್ಲ, ಹೆಚ್ಚಾಗಿ ಪೈಪಿನದು. ಖಾನಾಪುರದ ಮಳೆಯಲ್ಲಿ ನಿಂತ ಬೈಕಿನ ಪೈಪಿನ ಮೇಲಿನ ಕ್ರೋಮಿನಲ್ಲಿ ಸೂಜಿಮೊನೆಯಷ್ಟು ತುಕ್ಕಿನ ಕುಳಿಗಳು ಬೀಳುತ್ತವೆ, ಫೋರ್ಕು ಕೂತಾಗಲೆಲ್ಲ ಆ ಕುಳಿಯ ಅಂಚು ಸೀಲಿನ ತುಟಿಯನ್ನು ಕೆರೆಯುತ್ತದೆ. ಪೈಪನ್ನು ಒರೆಸಿ, ಉಗುರನ್ನು ಮೇಲಿಂದ ಕೆಳಗೆ ನಿಧಾನವಾಗಿ ಸುತ್ತಲೂ ಎಳೆದು ನೋಡಿ. ಸೀಲು ಓಡಾಡುವ ಭಾಗದಲ್ಲಿ ಉಗುರು ಎಲ್ಲಾದರೂ ಸಿಕ್ಕಿಕೊಂಡರೆ ಕಾರಣ ಅದೇ. ಕುಳಿ ಚಿಕ್ಕದಾಗಿದ್ದು ಅಂಚು ಮಾತ್ರ ಎದ್ದಿದ್ದರೆ ಅತಿ ನಯವಾದ ಎಮರಿ ಕಾಗದವನ್ನು ಎಣ್ಣೆಯಲ್ಲಿ ನೆನೆಸಿ ಅಂಚನ್ನಷ್ಟೇ ತಗ್ಗಿಸಬಹುದು. ಕುಳಿಗಳು ಹಲವಿದ್ದರೆ ಪೈಪು ಬದಲಿಸಬೇಕು, ಅಥವಾ ಹಾರ್ಡ್ ಕ್ರೋಮ್ ಮಾಡುವವರಲ್ಲಿ ಮತ್ತೆ ಲೇಪ ಹಾಕಿಸಿ ಗ್ರೈಂಡ್ ಮಾಡಿಸಬೇಕು. ಪೈಪು ಡೊಂಕಾಗಿದ್ದರೂ ಸೀಲು ನಿಲ್ಲುವುದಿಲ್ಲ. ಸಪಾಟು ಗಾಜಿನ ಮೇಲೆ ಉರುಳಿಸಿದರೆ ಡೊಂಕು ಕಾಣುತ್ತದೆ.

ಪೈಪು ನಯವಾಗಿಯೇ ಇದ್ದರೆ ಸೀಲಿನ ಕೆಳಗೆ ಮಣ್ಣಿನ ಕಣ ಸಿಕ್ಕಿರುವ ಸಾಧ್ಯತೆ ಇದೆ. ಡಸ್ಟ್ ಸೀಲನ್ನು ಮೇಲಕ್ಕೆತ್ತಿ, ಹಳೆಯ ಎಕ್ಸ್‌ರೇ ಹಾಳೆಯಿಂದ ಕತ್ತರಿಸಿದ ಕೊಕ್ಕೆಯಾಕಾರದ ತೆಳು ಪಟ್ಟಿಯನ್ನು ಪೈಪು ಮತ್ತು ಸೀಲಿನ ನಡುವೆ ತೂರಿಸಿ ಸುತ್ತಲೂ ಎಳೆದರೆ ಕಣ ಹೊರಬರುತ್ತದೆ, ಸೋರಿಕೆ ಅಲ್ಲಿಗೇ ನಿಂತರೂ ನಿಲ್ಲಬಹುದು. ಲೋಹದ ಪಟ್ಟಿಯನ್ನು ಎಂದೂ ಬಳಸಬೇಡಿ. ಸೀಲು ಬದಲಿಸುವಾಗ ಎರಡೂ ಕಡೆಯದನ್ನು ಡಸ್ಟ್ ಸೀಲಿನ ಸಮೇತ ಬದಲಿಸಿ, ಪೈಪಿನ ತುದಿಗೆ ಪ್ಲಾಸ್ಟಿಕ್ ಚೀಲ ಹೊದಿಸಿ ಎಣ್ಣೆ ಸವರಿ ಸೀಲನ್ನು ಇಳಿಸಿದರೆ ತುಟಿ ಹರಿಯುವುದಿಲ್ಲ. ಕೆಲಸ ಮುಗಿದ ಮೇಲೆ ರಬ್ಬರಿನ ಗೇಟರ್, ಅಂದರೆ ಪೈಪನ್ನು ಮುಚ್ಚುವ ಮಡಿಕೆ ಮಡಿಕೆಯ ಹೊದಿಕೆ, ಹಾಕಿಸಿಕೊಳ್ಳಿ, ನಿಮ್ಮ ಕಡೆಯ ಕೆಸರಿಗೆ ಅದು ಬಹಳ ಒಳ್ಳೆಯ ರಕ್ಷಣೆ. ಆದರೆ ಮಳೆಗಾಲದಲ್ಲಿ ಆಗಾಗ ಗೇಟರನ್ನು ಎತ್ತಿ ಒಳಗೆ ನಿಂತ ತೇವವನ್ನು ಒರೆಸಬೇಕು.

ಎಲ್ಲಕ್ಕಿಂತ ಮೊದಲು ಬ್ರೇಕನ್ನು ನೋಡಿ. ಡಿಸ್ಕ್ ಅದೇ ಬದಿಗೆ ಇರುವುದರಿಂದ ಒಸರಿದ ಎಣ್ಣೆ ಇಳಿದು ಪ್ಯಾಡುಗಳನ್ನು ತಲುಪುವುದಕ್ಕೆ ಹೆಚ್ಚು ದಿನ ಬೇಕಾಗುವುದಿಲ್ಲ. ಎಣ್ಣೆ ಹೀರಿದ ಪ್ಯಾಡನ್ನು ಪೆಟ್ರೋಲಿನಲ್ಲಿ ತೊಳೆದು ಅಥವಾ ಒಲೆಯ ಮೇಲೆ ಕಾಯಿಸಿ ಮತ್ತೆ ಹಾಕುವವರಿದ್ದಾರೆ. ಬ್ರೇಕು ಬಿಸಿಯಾದಾಗ ಒಳಗಿನ ಎಣ್ಣೆ ಮತ್ತೆ ಮೇಲೆ ಬರುತ್ತದೆ, ಆಗ ಹಿಡಿತ ಸಿಗುವುದಿಲ್ಲ. ಪ್ಯಾಡು ಹೊಸದನ್ನೇ ಹಾಕಿ, ಡಿಸ್ಕನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಸೀಲು ಮತ್ತು ಪ್ಯಾಡು ಎರಡೂ ಬದಲಾಗುವ ತನಕ ಆ ಬೈಕಿನಲ್ಲಿ ನಿಮ್ಮ ಗೋವಾ ದಾರಿಯ ಚೋರ್ಲಾ ಘಾಟಿನ ಇಳಿಜಾರಿಗೆ ಹೋಗಬೇಡಿ.